ಖರ್ಜೂರದ ಮನೆಯ ಸಣ್ಣ ಬಾಗಿಲು

ಗಲ್ಫಿನ ವಾದಿ ಕಬೀರಿನ ಆ ಮೂರನೇ ಮಹಡಿಯ ಮನೆಯಿಂದ ಯಾರಿಗೆ ಎಲ್ಲಿಗೆ ಹೋಗಲಿಕ್ಕಿದ್ದರೂ ಮೊದಲು ಏಳುವವಳು ಕುಸುಮ. ಆ ಶನಿವಾರವೂ ನಾಲ್ಕೂವರೆಗೇ ಎದ್ದಳು. ನೆನೆಹಾಕಿದ್ದ ಅಕ್ಕಿ ರುಬ್ಬಿ ನಲವತ್ತು ನೀರುದೋಸೆ ಹೊಯ್ದಳು, ಒಂದೊಂದನ್ನೂ ಕರವಸ್ತ್ರದ ಹಾಗೆ ಮಡಚಿ ಡಬ್ಬಿಗೆ ತುಂಬಿದಳು. ಕೋಳಿ ಸುಕ್ಕಕ್ಕೆ ತೆಂಗಿನಕಾಯಿ ಹುರಿಯುವ ಪರಿಮಳಕ್ಕೆ ಒಂಬತ್ತು ವರ್ಷದ ಹರ್ಷಿತ್ ಎದ್ದು ಬಂದ.

“ಮಾಮಿ, ಬೀಚಿಗೆ ಹೋಗ್ತೇವಾ?”

“ಮೊದಲು ನಿನ್ನ ಅಕ್ಕನ ಮ್ಯೂಸಿಯಮ್ಮು. ಆಮೇಲೆ ನಿನ್ನ ಬೀಚು. ಹೋಗು, ಹಲ್ಲುಜ್ಜು.”

ಹರ್ಷಿತನಿಗೂ ಅವನ ಅಕ್ಕ ಅಕ್ಷಿತಾಳಿಗೂ ಕುಸುಮ ಅಪ್ಪನ ಅಕ್ಕ. ತುಳುವರ ಮನೆಗಳಲ್ಲಿ ಅಪ್ಪನ ಅಕ್ಕ ಎಂದರೆ ಮಾಮಿ. ಆ ಅಪ್ಪ ದೇಜಪ್ಪ, ಮೋಟಾರು ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಅಜ್ಜನ ಹೆಸರು ಹಳೇದಾಯಿತೆಂದು ಆಫೀಸಿನಲ್ಲಿ ಅದನ್ನು ಕತ್ತರಿಸಿ ‘ಡೇಜ್’ ಮಾಡಿಕೊಂಡಿದ್ದ. ಕುಸುಮಳಿಗೆ ಮಾತ್ರ ಅವನು ಇನ್ನೂ ದೇಜು.

ತಾಯಿ ಸತ್ತಾಗ ದೇಜುವಿಗೆ ಆರು ವರ್ಷ, ಅವಳಿಗೆ ಹದಿನೇಳು. ಅಂದು ತೊಡೆಯ ಮೇಲೆ ಇಟ್ಟುಕೊಂಡ ಬೀಡಿಯ ಮೊರವನ್ನು ಅವಳು ಕೆಳಗಿಟ್ಟದ್ದು ಮೂವತ್ತೇಳು ವರ್ಷದ ನಂತರ. ನಡುವೆ ಎರಡು ಸಂಬಂಧ ಬಂದವು. ಒಮ್ಮೆ “ದೇಜುವಿನ ಹತ್ತನೇ ಆಗಲಿ” ಅಂದಳು, ಇನ್ನೊಮ್ಮೆ “ದೇಜುವಿಗೆ ಕೆಲಸ ಆಗಲಿ” ಅಂದಳು. ಕೆಲಸ ಆಗುವಷ್ಟರಲ್ಲಿ ಸಂಬಂಧ ಕೇಳಿಕೊಂಡು ಬರುವವರು ಬರುವುದನ್ನು ಬಿಟ್ಟಿದ್ದರು. ಎರಡು ವರ್ಷದ ಹಿಂದೆ ದೇಜಪ್ಪನ ಹೆಂಡತಿ ಸೌಮ್ಯಶ್ರೀಗೆ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ ಸಿಕ್ಕಿತು. ಆಗ ದೇಜಪ್ಪ ಫೋನು ಮಾಡಿದ್ದ.

“ಅಕ್ಕ, ಬೀಡಿ ಕಟ್ಟಿದ್ದು ಸಾಕು. ವೀಸಾ ಕಳಿಸ್ತೇನೆ. ಇನ್ನು ನಮ್ಮೊಟ್ಟಿಗೆ ಕೂತು ಉಣ್ಣು.”

ಮೊರವನ್ನು ಪಕ್ಕದ ಮನೆಯ ಮೆರಿಲ್ ಬಾಯಿಗೆ ಕೊಟ್ಟು ಕುಸುಮ ವಿಮಾನ ಹತ್ತಿದಳು. ಏರ್‌ಪೋರ್ಟಿನಲ್ಲಿ ಯಾರು ಏನು ಕೇಳಿದರೂ ಮಾತಾಡಬೇಡ, ಕಾಗದ ತೋರಿಸು ಸಾಕು ಎಂದು ದೇಜಪ್ಪ ಮೂರು ಸಲ ಹೇಳಿದ್ದ. ಕನ್ನಡ ಬಿಟ್ಟರೆ ಬೇರೆ ಅಕ್ಷರ ಓದಲು ಬಾರದ ಅಕ್ಕನ ಮೇಲೆ ತಮ್ಮನಿಗೆ ಎಷ್ಟು ಕಾಳಜಿ ಎಂದು ಅವಳಿಗೆ ಕಣ್ಣು ತುಂಬಿತ್ತು.

ಬಂದ ಮೇಲೆ ಕೂತು ಉಂಡದ್ದು ಕಡಿಮೆ. ಅದರ ಬಗ್ಗೆ ಅವಳಿಗೆ ದೂರಿರಲಿಲ್ಲ. ತನ್ನ ಮನೆಯ ಕೆಲಸಕ್ಕೆ ಯಾರು ಲೆಕ್ಕ ಇಡುತ್ತಾರೆ?

ಅಕ್ಷಿತಾಳ ಶಾಲೆಯಲ್ಲಿ ಹಿಂದಿನ ಕಾಲದ ದುಡಿಮೆಯ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಬರ್ಕಾದ ಆಚೆ, ತೋಟಗಳ ನಡುವೆ, ಹಳೇ ವರ್ತಕನೊಬ್ಬನ ಮಣ್ಣಿನ ಮನೆಯನ್ನು ಹಾಗೆಯೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆಂದು ಯಾರೋ ಹೇಳಿದರು. ಹಸಿ ಖರ್ಜೂರ ಬೇಯಿಸಿ, ಒಣಗಿಸಿ, ಹಡಗಿಗೆ ಹಾಕುತ್ತಿದ್ದ ಮನೆಯಂತೆ. ಹೀಗೆ ಒಂದು ಕಾರು, ಐದು ಜನ, ಎರಡು ಡಬ್ಬಿ, ಒಂದು ಚಾಪೆ ಹೊರಟವು.

ಮ್ಯೂಸಿಯಮ್ಮಿನ ಬಾಗಿಲಲ್ಲೇ ಒಂದು ಮೇಜು. ಅದರ ಹಿಂದೆ ಕಸೂತಿ ಟೋಪಿಯ ಮುದುಕ. ಹಿಂದಿ ಚೆನ್ನಾಗಿಯೇ ಬರುತ್ತಿತ್ತು ಅವನಿಗೆ. ಇಲ್ಲಿ ವಾಸ ಇರುವವರಿಗೆ ಟಿಕೆಟ್ ಕಡಿಮೆ, ಕಾರ್ಡ್ ತೋರಿಸಿ ಅಂದ. ಎಲ್ಲರ ಕಾರ್ಡೂ ಇರುವುದು ದೇಜಪ್ಪನ ಪರ್ಸಿನಲ್ಲಿ. ಐದನ್ನೂ ತೆಗೆದು ಇಟ್ಟ. ಮುದುಕ ಇಸ್ಪೀಟು ಹರಡಿದ ಹಾಗೆ ಹರಡಿಕೊಂಡು ಒಂದೊಂದೇ ನೋಡಿದ. ಕೊನೆಯದನ್ನು ನೋಡಿ ತಲೆಯೆತ್ತಿ ಕುಸುಮಳನ್ನು ನೋಡಿದ.

“ಚಾರ್ ಟಿಕೆಟ್. ಯೇ ಖದ್ದಾಮಾ ಹೈ ನಾ? ಖದ್ದಾಮಾ ಕಾ ಟಿಕೆಟ್ ನಹೀಂ.”

ಆ ಮಾತು ಕುಸುಮಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ವರ್ಷದಿಂದ ಲಿಫ್ಟಿನಲ್ಲಿ ದಿನಾ ಕೇಳುತ್ತಿದ್ದಳು. ಎರಡನೇ ಮಹಡಿಯಲ್ಲಿ ಪಾತ್ರೆ ತೊಳೆಯುವ ಸಿಲೋನಿನ ಹೆಂಗಸು ಖದ್ದಾಮ. ನಾಲ್ಕನೆಯದರಲ್ಲಿ ಮಗು ಎತ್ತಿಕೊಂಡಿರುವ ಹುಡುಗಿ ಖದ್ದಾಮ. ಖದ್ದಾಮ ಅಂದರೆ ಮನೆಗೆಲಸದವಳು. ಮುದುಕನಿಗೆ ಪಾಪ, ತಪ್ಪು ತಿಳಿದಿದೆ ಎಂದುಕೊಂಡು ಅವಳು ನಗಲು ಹೊರಟಳು. ತಮ್ಮ ಈಗ ಹೇಳುತ್ತಾನೆ, ಇಲ್ಲ ಚಾಚಾ, ಇವಳು ನನ್ನ ಅಕ್ಕ ಅಂತ.

“ಹಾಂ, ಖದ್ದಾಮಾ,” ಅಂದ ದೇಜಪ್ಪ, ಪರ್ಸಿನ ಝಿಪ್ ಎಳೆಯುತ್ತ.

ಸೌಮ್ಯಶ್ರೀ ಮೊಬೈಲು ನೋಡುತ್ತಿದ್ದಳು. ಹದಿನೈದರ ಅಕ್ಷಿತಾ ಮಾತ್ರ ಒಮ್ಮೆ ಮಾಮಿಯ ಮುಖ ನೋಡಿ ಸರಕ್ಕನೆ ಬೇರೆ ಕಡೆ ತಿರುಗಿದಳು. ಆ ತಿರುಗಿದ್ದರಲ್ಲೇ ಕುಸುಮಳಿಗೆ ಎಲ್ಲ ಗೊತ್ತಾಯಿತು. ಮುದುಕನಿಗೆ ತಪ್ಪು ತಿಳಿದಿರಲಿಲ್ಲ. ಕಾರ್ಡಿನಲ್ಲಿ ಇದ್ದದ್ದನ್ನು ಅವನು ಓದಿದ್ದ. ಮನೆಯಲ್ಲಿ ಗೊತ್ತಿಲ್ಲದವಳು ಅವಳೊಬ್ಬಳೇ.

ಒಳಗೆ ಮುದುಕನೇ ತಿರುಗಾಡಿಸಿ ತೋರಿಸಿದ. ದೊಡ್ಡ ಬಾಗಿಲು ಯಜಮಾನರ ಮನೆಯವರಿಗೆ. ಪಕ್ಕದಲ್ಲಿ ತಲೆ ಬಗ್ಗಿಸಿ ಹೋಗಬೇಕಾದ ಸಣ್ಣ ಬಾಗಿಲು ಕೆಲಸದ ಹೆಂಗಸರಿಗೆ. ಗಂಡ ಸತ್ತವರು, ದಿಕ್ಕಿಲ್ಲದವರು ಆ ಬಾಗಿಲಿಂದ ಬರುತ್ತಿದ್ದರು. ಊಟ, ಮಲಗಲಿಕ್ಕೆ ಚಾಪೆ, ವರ್ಷಕ್ಕೊಂದು ಬಟ್ಟೆ. ಬದಲಿಗೆ ಬೆಳಗಿನಿಂದ ಕತ್ತಲೆಯವರೆಗೆ ಖರ್ಜೂರ ಆರಿಸುವುದು, ಬೇಯಿಸುವುದು, ಒಣಹಾಕುವುದು. ಹೊಗೆ ಹಿಡಿದು ಕಪ್ಪಾದ ಗೋಡೆ, ಆಳೆತ್ತರದ ತಾಮ್ರದ ಹಂಡೆ, ಅದರ ಮುಂದೆ ಸೌಟು ಹಿಡಿದ ಹೆಂಗಸಿನ ಬೊಂಬೆ.

“ಇದು ನಿಮ್ಮ ದೇಶಕ್ಕೇ ಹೋಗುತ್ತಿತ್ತು,” ಅಂದ ಮುದುಕ ಹಿಂದಿಯಲ್ಲಿ, ಒಣಗಿ ಸುಕ್ಕಾದ ಕಾಯಿ ತೋರಿಸಿ.

ಉತ್ತುತ್ತೆ! ಊರಿನಲ್ಲಿ ಮದುವೆ ಮನೆಯ ಹರಿವಾಣದಲ್ಲಿ, ಬಾಣಂತಿಯ ಮದ್ದಿನಲ್ಲಿ ನೋಡಿದ್ದು. ಅದನ್ನು ಬೇಯಿಸಿದ ಕೈ ಯಾರದೆಂದು ಅವಳು ಯೋಚಿಸಿರಲಿಲ್ಲ.

“ನನ್ನ ಅಜ್ಜಿಯೂ ಇಲ್ಲಿದ್ದಳು,” ಅಂದ ಮುದುಕ. “ಇವರೆಲ್ಲ ನಮ್ಮ ಮನೆಯವರೇ ಅಂತ ಯಜಮಾನರು ಹೇಳುತ್ತಿದ್ದರಂತೆ. ಆದರೆ ಅಜ್ಜಿ ಸಾಯುವವರೆಗೂ ಆ ದೊಡ್ಡ ಬಾಗಿಲಿಂದ ಒಳಗೆ ಬಂದದ್ದಿಲ್ಲ.”

ಅಕ್ಷಿತಾ ಎಲ್ಲದರ ಫೋಟೋ ತೆಗೆದಳು. “ಮಾಮಿ, ಹಂಡೆಯ ಹತ್ತಿರ ನಿಲ್ಲಿ, ಸೈಜ್ ಗೊತ್ತಾಗ್ಲಿಕ್ಕೆ,” ಎಂದು ಬಾಯಿ ತಪ್ಪಿ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕುಸುಮ ಹೋಗಿ ಬೊಂಬೆಯ ಪಕ್ಕ ನಿಂತಳು. ಫೋಟೋ ಚೆನ್ನಾಗಿಯೇ ಬಂತು.

ಸಮುದ್ರದ ಬಳಿ ಚಾಪೆ ಹಾಸಿದರು. ಕುಸುಮ ನಾಲ್ಕು ಜನರಿಗೂ ಬಡಿಸಿದಳು. ತಾನು ದಿನವೂ ಕೊನೆಗೆ ತಿನ್ನುವವಳಾದ್ದರಿಂದ ತಿನ್ನದಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. “ಸುಕ್ಕ ಸೂಪರ್ ಅಕ್ಕ,” ಅಂದ ದೇಜಪ್ಪ, ಬೆರಳು ನೆಕ್ಕಿಕೊಂಡು. ಇಲ್ಲಿ ಗಾಳಿಗೂ ಮರಳಿಗೂ ಕೇಳುವಂತೆ ಅಕ್ಕ! ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಮರುದಿನ ಎಲ್ಲರೂ ಊಟಕ್ಕೆ ಕೂತಾಗ ಕುಸುಮ ಸಾರಿನ ಪಾತ್ರೆ ಇಟ್ಟು ನಿಂತೇ ಕೇಳಿದಳು.

“ದೇಜು, ನನ್ನ ಕಾರ್ಡಿನಲ್ಲಿ ಎಂತ ಬರೆದದ್ದು?”

ದೇಜಪ್ಪನ ಕೈಯ ತುತ್ತು ಬಟ್ಟಲಿಗೇ ಇಳಿಯಿತು.

“ಅದು ಹೆಸರಿಗೆ ಮಾತ್ರ ಅಕ್ಕ. ಹೆಂಡತಿ, ಮಕ್ಕಳಿಗೆ ಫ್ಯಾಮಿಲಿ ವೀಸಾ ಸಿಗ್ತದೆ. ಅಕ್ಕನಿಗೆ ಸಿಗುದಿಲ್ಲ. ನಿನ್ನನ್ನು ತರ್ಲಿಕ್ಕೆ ಬೇರೆ ದಾರಿಯೇ ಇರ್ಲಿಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ನಿನಗೆ ಬೇಜಾರಾಗ್ತದೆ ಅಂತ.”

“ಹೇಳಿದ್ರೂ ನಾನು ಬರ್ತಿದ್ದೆ ಮಗಾ. ನಿನ್ನ ಮಕ್ಕಳಿಗೋಸ್ಕರ ಯಾವ ಹೆಸರಲ್ಲಾದ್ರೂ ಬರ್ತಿದ್ದೆ. ಅದಲ್ಲ ನಾನು ಕೇಳುದು. ಆ ಅಜ್ಜ ಕೇಳಿದಾಗ ನೀನು ಹಾಂ ಅಂದದ್ದು ಎಂತಕ್ಕೆ?”

“ಕಾರ್ಡಿನಲ್ಲಿ ಒಂದು, ಬಾಯಲ್ಲಿ ಒಂದು ಹೇಳಿದ್ರೆ ತೊಂದರೆ ಆಗ್ತದೆ ಅಕ್ಕ.”

“ಖರ್ಜೂರ ತೋರಿಸುವ ಅಜ್ಜನಿಂದ ತೊಂದರೆ!”

ಸೌಮ್ಯಶ್ರೀ ಲೋಟ ಕುಕ್ಕಿದಳು. “ಅಕ್ಕ, ನೀವು ಸುಮ್ಮನೆ ದೊಡ್ಡದು ಮಾಡ್ತೀರಿ. ನಾವು ಯಾವತ್ತಾದ್ರೂ ನಿಮ್ಮನ್ನು ಹಾಗೆ ನೋಡಿದ್ದುಂಟಾ? ನೀವು ಮನೆಯವರೇ ಅಲ್ವಾ?”

ನಮ್ಮ ಮನೆಯವರೇ. ಹಂಡೆಯ ಮುಂದಿನ ಬೊಂಬೆ ಕುಸುಮಳ ಕಣ್ಣ ಮುಂದೆ ಬಂದು ನಿಂತಿತು. ಅವಳು ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ನೆಲದಲ್ಲಿ ಕೂತು ಉಂಡಳು. ಅಂದಿನಿಂದ ಆ ಮನೆಯ ಮೇಜಿಗೆ ಅವಳು ಬರಲಿಲ್ಲ.

ಕಾರ್ಡಿನ ಅವಧಿ ಮುಗಿಯಲು ಮೂರು ವಾರ ಇತ್ತು. ಹೊಸದು ಮಾಡಲು ಅವಳ ಸಹಿ ಬೇಕು. ಅಕ್ಷಿತಾಳಿಗೆ ಹತ್ತನೆಯ ಪರೀಕ್ಷೆ, ಹರ್ಷಿತನನ್ನು ಶಾಲೆಯ ಬಸ್ಸಿಂದ ಇಳಿಸಿಕೊಳ್ಳಲು ಜನ ಬೇಕು, ಸೌಮ್ಯಶ್ರೀಯ ಶಿಫ್ಟು ರಾತ್ರಿ ಎಂಟಕ್ಕೆ ಮುಗಿಯುವುದು. ಕುಸುಮ ಇಲ್ಲದೆ ಆ ಮನೆ ಒಂದು ವಾರ ನಡೆಯದು. ಎಲ್ಲರಿಗೂ ಅದು ಗೊತ್ತಿತ್ತು, ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಒಂದು ಸಂಜೆ ಅಕ್ಷಿತಾ ಅಪ್ಪನ ಫೈಲಿನಿಂದ ಮಾಮಿಯ ಕೆಲಸದ ಕರಾರು ಪತ್ರ ತಂದು ಅಡುಗೆಮನೆಯಲ್ಲಿ ಕೂತಳು.

“ಮಾಮಿ, ಐ ಆಮ್ ಸಾರಿ. ಫಸ್ಟ್‌ನಿಂದ ನನಗೆ ಗೊತ್ತಿತ್ತು. ಪಪ್ಪ ಹೇಳ್ಬೇಡ ಅಂದಿದ್ರು.”

“ನೀನು ಮಗು. ನಿನ್ನದೆಂತ ತಪ್ಪು? ಓದು, ಎಂತ ಉಂಟು ಅದರಲ್ಲಿ?”

ಅಕ್ಷಿತಾ ಓದಿ ಹೇಳಿದಳು. ಕಫೀಲ್, ಅಂದರೆ ಖದ್ದಾಮಳನ್ನು ತರಿಸಿಕೊಂಡ ಯಜಮಾನ, ಎಂಬಲ್ಲಿ ಅಪ್ಪನ ಹೆಸರು. ವಾರಕ್ಕೆ ಒಂದು ದಿನ ರಜೆ. ಮಲಗಲು ಬೇರೆ ಕೋಣೆ. ಎರಡು ವರ್ಷ ಮುಗಿದರೆ ಊರಿಗೆ ಹೋಗುವ ವಿಮಾನದ ಟಿಕೆಟು. ಸಂಬಳದ ಸಾಲು ಬಂದಾಗ ಕುಸುಮ ಕೈ ಅಡ್ಡ ಹಿಡಿದಳು.

“ಅದು ಬಿಡು. ತಮ್ಮನ ಮನೆಯಲ್ಲಿ ಸಂಬಳ ಕೇಳಿದ್ರೆ ನನ್ನ ಅಮ್ಮ ಸತ್ತಲ್ಲಿಂದ ಎದ್ದು ಬರ್ತಾಳೆ. ರಜೆಯದ್ದು ಇನ್ನೊಮ್ಮೆ ಓದು.”

ಆ ಶುಕ್ರವಾರ ಮಧ್ಯಾಹ್ನ ದೇಜಪ್ಪನ ಆಫೀಸಿನ ವಿನಯ್, ಮೈಸೂರು ಕಡೆಯವನು, ಹೆಂಡತಿ ಆಶಿತಾಳ ಜೊತೆ ಊಟಕ್ಕೆ ಬರುವವನಿದ್ದ. ಕೋರಿ ರೊಟ್ಟಿ ಆಗಬೇಕೆಂದು ಸೌಮ್ಯಶ್ರೀ ಕೋಳಿ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಎಂಟಕ್ಕೆ ಕುಸುಮ ಇಸ್ತ್ರಿ ಹಾಕಿದ ಸೀರೆ ಉಟ್ಟು ಚೀಲ ಹಿಡಿದು ಹೊರಬಂದಳು.

“ಎಲ್ಲಿಗೆ ಅಕ್ಕ?” ಸೌಮ್ಯಶ್ರೀಗೆ ಗಾಬರಿಯಾಯಿತು.

“ದಾರ್ಸೈತಿನ ದೇವಸ್ಥಾನಕ್ಕೆ. ಇವತ್ತು ನನಗೆ ರಜೆ ಮೇಡಂ.”

“ಮೇಡಮ್ಮಾ! ಎಂತ ಮಾತು ಅಕ್ಕ ಇದು? ಗೆಸ್ಟ್ ಬರ್ಲಿಕ್ಕುಂಟು!”

“ಕರಾರಿನಲ್ಲಿ ಗೆಸ್ಟಿನ ವಿಷಯ ಇಲ್ಲ. ರಜೆಯ ವಿಷಯ ಉಂಟು.”

ಬಾಗಿಲು ಹಾಕಿಕೊಂಡು ಇಳಿದಳು. ಕೆಳಗೆ ಅಂಗಡಿಯ ಹಾಜಬ್ಬ, “ಎಂತ ಕುಸುಮಕ್ಕ, ಬೆಳಿಗ್ಗೆಯೇ ಪಟ್ಟೆ ಸೀರೆ?” ಎಂದು ನಕ್ಕ. ಅವಳೂ ನಕ್ಕಳು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಮೇಡಂ ಎಂದದ್ದು ಸೌಮ್ಯಶ್ರೀಗೆ ತಾಗಿದ್ದಕ್ಕಿಂತ ಅವಳಿಗೇ ಹೆಚ್ಚು ತಾಗಿತ್ತು. ದೇವಸ್ಥಾನದ ಜಗಲಿಯಲ್ಲಿ ಸಂಜೆಯವರೆಗೆ ಕೂತಳು. ಈಗಲಾದರೂ ತಮ್ಮ ಫೋನು ಮಾಡಿ, ಬಾ ಅಕ್ಕ, ತಪ್ಪಾಯಿತು ಅಂದಾನು ಎಂದು ನಾಲ್ಕು ಸಲ ಮೊಬೈಲು ತೆಗೆದು ನೋಡಿದಳು.

ಮನೆಗೆ ಬಂದರೆ ಸಿಂಕಿನಲ್ಲಿ ಹೋಟೆಲಿನ ಬಿರಿಯಾನಿ ಡಬ್ಬಿಗಳು. ಹರ್ಷಿತ್ ಓಡಿ ಬಂದು ಸೊಂಟ ಹಿಡಿದುಕೊಂಡ.

“ಮಾಮಿ, ವಿನಯ್ ಅಂಕಲ್ ನಿಮ್ಮನ್ನು ಕೇಳಿದ್ರು!”

“ಹೌದಾ? ಎಂತ ಕೇಳಿದ್ರು?”

“‘ಏನ್ ಸಾರ್, ನಿಮ್ಮ ಕುಕ್ ಎಲ್ಲೋದ್ರು? ಅವರ ಕೈ ಊಟಕ್ಕೇ ಬಂದಿದ್ದು ನಾವು’ ಅಂತ.”

“ಪಪ್ಪ ಎಂತ ಹೇಳಿದ್ರು?”

“ಕುಕ್ಕಿಗೆ ಫ್ರೈಡೇ ರಜೆ ಅಂತ.”

ಕುಸುಮ ಚೀಲ ಕೆಳಗಿಟ್ಟಳು. ಮ್ಯೂಸಿಯಮ್ಮಿನ ಮುದುಕನ ಕೈಯಲ್ಲಿ ಕಾರ್ಡಾದರೂ ಇತ್ತು. ವಿನಯನ ಕೈಯಲ್ಲಿ ಯಾವ ಕಾರ್ಡೂ ಇರಲಿಲ್ಲ. ಸರ್ಕಾರಕ್ಕೆ ಹೆದರಿ ಹೇಳಿದ ಸುಳ್ಳು ಇದಲ್ಲ. ಊರಿನಿಂದ ಅಡುಗೆಯವಳನ್ನು ತರಿಸಿಕೊಂಡಿರುವ ಡೇಜ್ ಸಾಹೇಬ ಎನಿಸಿಕೊಳ್ಳುವ ಚಪಲ ಇದು! ಈ ಮೊದಲೂ ಎರಡು ಸಲ ವಿನಯ್ ಉಂಡು ಹೋಗಿದ್ದ. ಅಡುಗೆಮನೆಯ ಬಾಗಿಲಿಗೆ ಬಂದು ಕೈ ಮುಗಿದು, “ತುಂಬಾ ಚೆನ್ನಾಗಿತ್ತಮ್ಮ” ಅಂದಿದ್ದ. ಎಷ್ಟು ಮರ್ಯಾದೆಯ ಹುಡುಗ ಎಂದು ಅವಳು ಇನ್ನೊಂದು ಸೌಟು ಪಾಯಸ ಹಾಕಿಸಿದ್ದಳು.

ಹತ್ತಿದ ಏಣಿಯನ್ನು ಒದೆಯುವವರ ಕತೆ ಅವಳು ಎಷ್ಟೋ ಕೇಳಿದ್ದಳು. ಇವನು ಒದೆಯಲಿಲ್ಲ. ಏಣಿಯನ್ನು ಮನೆಗೆ ತಂದು, ಬಟ್ಟೆ ಒಣಹಾಕಲು ಇಟ್ಟುಕೊಂಡ.

ಅಂದು ಅವಳು ಮೆರಿಲ್ ಬಾಯಿಗೆ ಫೋನು ಮಾಡಿದಳು. “ನನ್ನ ಮೊರ ಉಂಟಾ ಬಾಯಮ್ಮ?” ಎಂದು ಕೇಳಿದಳು. “ನಿನ್ನ ಮೊರ ಎಲ್ಲಿ ಹೋಗ್ತದೆ? ಮೂಲೆಯಲ್ಲಿ ಉಂಟು. ನನ್ನ ಮನೆಯಲ್ಲಿ ಒಂದು ಮೂಲೆ ನಿನಗೂ ಉಂಟು,” ಅಂದಳು ಮೆರಿಲ್.

ಮುಂದಿನ ವಾರ ದೇಜಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಕುಸುಮ ಬಂಗುಡೆ ಕತ್ತರಿಸುತ್ತಿದ್ದಳು.

“ಅಕ್ಕ, ನಾಡಿದ್ದು ಕಾರ್ಡ್ ರಿನ್ಯೂ ಮಾಡ್ಲಿಕ್ಕೆ ಸನದ್ ಆಫೀಸಿಗೆ ಹೋಗ್ಬೇಕು. ಒಂದು ಸೈನು. ಅಷ್ಟೇ.”

“ವಿನಯನಿಗೆ ಹೇಳಿದ್ಯಾ?”

“ಎಂತದ್ದು?”

“ನಾನು ಯಾರು ಅಂತ.”

ದೇಜಪ್ಪನ ಮುಖ ಕೆಂಪಾಯಿತು. “ಅವನು ಶುರುವಿಗೇ ಹಾಗೆ ತಿಳ್ಕೊಂಡ. ನಾನು ಸರಿ ಮಾಡ್ಲಿಲ್ಲ, ತಪ್ಪು ನನ್ನದೇ. ಈಗ ಹೇಗೆ ಹೇಳುದು ಹೇಳು? ನನ್ನ ಮರ್ಯಾದೆ ಎಂತ ಆಗ್ತದೆ?”

“ನಿನ್ನ ಮರ್ಯಾದೆ,” ಅಂದಳು ಕುಸುಮ. ಬಂಗುಡೆಯ ಕಿವಿರು ಕಿತ್ತು ಬದಿಗಿಟ್ಟಳು. “ನನಗೆ ಕಾರ್ಡಿನಲ್ಲಿ ಎಂತ ಬೇಕಾದ್ರೂ ಬರೆಸು ದೇಜು. ಖದ್ದಾಮ ಅಂತ ಬರೆಸು, ಕತ್ತೆ ಅಂತ ಬರೆಸು, ಸೈನು ಹಾಕ್ತೇನೆ. ಆದ್ರೆ ನಾಡಿದ್ದು ಅಲ್ಲಿ ನಾಲ್ಕು ಜನರ ಎದುರು ಯಾರಾದ್ರೂ ಕೇಳಿದ್ರೆ, ಇವಳು ನನ್ನ ಅಕ್ಕ ಅಂತ ಬಾಯಿ ಬಿಟ್ಟು ಹೇಳ್ಬೇಕು. ಹೇಳಿದ್ರೆ ಈ ಮನೆಯಲ್ಲೇ ಸಾಯ್ತೇನೆ. ಹೇಳದಿದ್ರೆ ಟಿಕೆಟು ತೆಗಿ.”

“ಅಷ್ಟೇ ಅಲ್ವಾ? ಹೇಳ್ತೇನೆ,” ಅಂದ ದೇಜಪ್ಪ. ನಿಜವಾಗಿಯೂ ಹಗುರಾದ. ಆ ರಾತ್ರಿ ಬಂಗುಡೆಯ ಪುಳಿಮುಂಚಿಗೆ ಎರಡು ಸಲ ಅನ್ನ ಹಾಕಿಸಿಕೊಂಡ.

ಹಮ್ರಿಯಾದ ಸನದ್ ಆಫೀಸಿನಲ್ಲಿ ಅರ್ಜಿಗಳನ್ನು ಟೈಪು ಮಾಡುವವನು ಅದ್ದು, ಉಳ್ಳಾಲದ ಕಡೆಯ ಬ್ಯಾರಿ ಹುಡುಗ. ಕುಸುಮ ಇಸ್ತ್ರಿಯ ಸೀರೆಯನ್ನೇ ಉಟ್ಟು ಬಂದಿದ್ದಳು. ಚೀಲದಲ್ಲಿ ಹರ್ಷಿತನ ಶಾಲೆಯ ಶರ್ಟಿಗೆ ಹಾಕಬೇಕಾದ ಗುಂಡಿಗಳಿದ್ದವು. ದಾರಿಯಲ್ಲಿ ಹಾಜಬ್ಬನ ಅಂಗಡಿಯಿಂದ ತೆಗೆದುಕೊಂಡದ್ದು. ತಮ್ಮ ಹೇಳುತ್ತಾನೆಂಬ ನಂಬಿಕೆ ಅವಳಿಗೆ ಅಷ್ಟಿತ್ತು.

ಇವರ ಸರದಿ ಬರುವಾಗ ಬಾಗಿಲು ತೆರೆಯಿತು.

“ಅರೆ, ಡೇಜ್ ಸಾರ್! ನೀವೂ ಇಲ್ಲೇ!” ವಿನಯ್. ಅವನದೇನೋ ಕಾರಿನ ಕಾಗದದ ಕೆಲಸ. ಬಂದು ಹಿಂದೆಯೇ ನಿಂತ. ಕುಸುಮಳಿಗೆ ಕೈ ಮುಗಿದು, “ಚೆನ್ನಾಗಿದೀರಾಮ್ಮ?” ಅಂದ.

ಅದ್ದು ಕಾರ್ಡು ನೋಡಿದ, ಪಾಸ್‌ಪೋರ್ಟು ನೋಡಿದ. ತುಳುವಿನಲ್ಲೇ ಕೇಳಿದ. “ಊರು ಒಂದೇ ಉಂಟಲ್ಲ ಅಣ್ಣಾ ಇಬ್ಬರದ್ದೂ! ಇವರು ನಿಮಗೆ ಎಂತ ಆಗ್ಬೇಕು? ಫಾರಮ್ಮಿಗೆ ಅಲ್ಲ, ಸುಮ್ಮನೆ ಕೇಳಿದ್ದು. ಸಂಬಂಧದವರನ್ನು ಹೀಗೆ ತಂದವರು ಬೇಕಾದಷ್ಟು ಜನ ಇದ್ದಾರೆ, ಹೆದರ್ಬೇಡಿ.”

ವಿನಯನಿಗೆ ತುಳು ಬಾರದು. ‘ಅಕ್ಕ’ ಎಂಬುದು ಮಾತ್ರ ಯಾವ ಕನ್ನಡದವನಿಗೂ ತಿಳಿಯುವ ಮಾತು. ದೇಜಪ್ಪ ಬಾಯಿ ತೆರೆದ. ಹಿಂದೆ ನೋಡಿದ. ಕುಸುಮ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೇಳು ಮಗಾ, ಎರಡೇ ಅಕ್ಷರ, ನಿನಗೆ ಮಾತು ಬಂದಾಗ ಮೊದಲು ಕಲಿತದ್ದು ಅದೇ.

“ನಮ್ಮ... ಊರಿನವರು,” ಅಂದ ದೇಜಪ್ಪ. “ಗುರ್ತದವರು.”

ಅದ್ದು ತಲೆಯಾಡಿಸಿ ಕಾಗದ ಮುಂದೆ ನೂಕಿದ. “ಅಮ್ಮಾ, ಇಲ್ಲಿ ಸೈನು.”

ಕುಸುಮ ಪೆನ್ನು ತೆಗೆದುಕೊಳ್ಳಲಿಲ್ಲ. ಅವಳಿಗೆ ಅಳು ಬರಲಿಲ್ಲ. ಅಳುವುದೆಲ್ಲ ಬಸ್ಸಿನಲ್ಲಿ ಮುಗಿದಿತ್ತು. ಚೀಲದಿಂದ ಗುಂಡಿಗಳ ಪೊಟ್ಟಣ ತೆಗೆದು ದೇಜಪ್ಪನ ಅಂಗೈಯಲ್ಲಿಟ್ಟಳು. “ಹರ್ಷಿತನ ಶರ್ಟಿಗೆ. ಮೇಲಿಂದ ಎರಡನೇದು ಬಿದ್ದದ್ದು,” ಅಂದಳು. ಆಮೇಲೆ ಅದ್ದುವಿನ ಕಡೆಗೆ ತಿರುಗಿದಳು.

“ರಿನ್ಯೂ ಬೇಡ ಮಗಾ. ಕ್ಯಾನ್ಸಲ್ ಮಾಡು. ಕರಾರಿನಲ್ಲಿ ಊರಿನ ಟಿಕೆಟು ಉಂಟು, ಅದನ್ನೂ ಬರಿ.”

“ಅಕ್ಕಾ!”

ದೇಜಪ್ಪ ಕೂಗಿಯೇಬಿಟ್ಟ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿನಯ್ ಒಮ್ಮೆ ದೇಜಪ್ಪನ ಮುಖ ನೋಡಿದ, ಒಮ್ಮೆ ಕುಸುಮಳ ಮುಖ ನೋಡಿದ. ಒಂದೇ ಮೂಗು, ಒಂದೇ ಹುಬ್ಬು. ಅವನ ತಲೆ ತಾನಾಗಿ ತಗ್ಗಿತು. ಅದ್ದು ಕೀಲಿಮಣೆಯಿಂದ ಕೈ ತೆಗೆದ.

“ಅಕ್ಕನಾ? ಅಮ್ಮಾ, ಇವರು ನಿಮ್ಮ ತಮ್ಮನಾ?”

ಕುಸುಮ ತಮ್ಮನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಗುಂಡಿಯ ಪೊಟ್ಟಣ ಹಿಡಿದುಕೊಂಡು, ಆರು ವರ್ಷದವನ ಹಾಗೆಯೇ ನಿಂತಿದ್ದ. ಎಷ್ಟು ನೋಡಿದರೂ ಅವನು ದೇಜುವೇ.

“ಅಲ್ಲ,” ಅಂದಳು. “ಇವರು ನನ್ನ ಕಫೀಲ್. ಎಲ್ಲಿ ಸೈನು ಹಾಕ್ಬೇಕು, ತೋರಿಸು.”